ಬಂಡೆಯ ಹಲ್ಲಿಯ ಸಾಕ್ಷಿ

ಬಂಡೆ ಕೊಳ್ಳುವವರು ಮೊದಲು ಅದರ ಸಂದಿಯಲ್ಲಿ ಯಾರ ವಾಸ ಎಂದು ಬಗ್ಗಿ ನೋಡಬೇಕು. ನಾನು ನೋಡಿರಲಿಲ್ಲ.

ಮಹಾರಾಜರ ಕಾಲ. ಮಧುಗಿರಿಯಿಂದ ಕೊರಟಗೆರೆಗೆ ಹೋಗುವ ದಾರಿಯಲ್ಲಿ ಒಬ್ಬ ಅಜ್ಜಿಯ ಹೊಲ. ಹೊಲದ ನಡುವೆ ಆನೆಯಂಥ ಬಂಡೆ. ಅದನ್ನು ಸೀಳಿಸಿ ಚಪ್ಪಡಿ ಮಾರಬೇಕೆಂದು ನನ್ನ ಆಸೆ. ನನ್ನದೆಂದು ಇದ್ದದ್ದು ಹಾಲು ಕರೆಯುವ ಎಮ್ಮೆಯೊಂದೇ. ಬಂಡೆಗೆ ಎಮ್ಮೆ ಕೊಡು ಎಂದಳು ಅಜ್ಜಿ. ಇಬ್ಬರೂ ಬಂಡೆಗೆ ಒರಗಿ ಕುಳಿತು ಚೌಕಾಸಿ ಮಾಡುತ್ತಿದ್ದಾಗ, ಅವಳು ಮತ್ತೆ ಎಮ್ಮೆಯ ಮಾತೆತ್ತಿದೊಡನೆ ‘ಲೊಚ್ ಲೊಚ್’ ಎಂದು ಕೇಳಿಸಿತು. ಮಾತಿನ ನಡುವೆ ಹಲ್ಲಿ ನುಡಿದರೆ ನಮ್ಮ ಕಡೆ ಆ ಮಾತು ಸತ್ಯ. ಬೆರಳಿಂದ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಎಂದಮೇಲೆ ಮುರಿಯುವಂತಿಲ್ಲ. ಇಬ್ಬರೂ ತಟ್ಟಿದೆವು. ಎಮ್ಮೆ ಅವತ್ತೇ ಅವಳ ಕೊಟ್ಟಿಗೆ ಸೇರಿತು.

ಮರುದಿನ ಕಲ್ಲೊಡೆಯುವವನು ಬಂದು ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟ. ಗಂಟೆಯಂತೆ ಅನ್ನಬೇಕಾದ ಕಲ್ಲು ಒಡಕು ಮಡಕೆಯಂತೆ ಅಂದಿತು.

“ಬಿರುಕು ಬುಡದವರ್ಗೂ ಹೋಗೈತೆ ಸ್ವಾಮಿ. ಒಳಗಡೆ ಹಲ್ಲಿ ಮೊಟ್ಟೆ ಅಂಟೈತೆ ನೋಡಿ. ಇದ್ರಾಗೆ ಚಪ್ಪಡಿ ಏಳಲ್ಲ, ಜಲ್ಲಿ ಆಯ್ತದೆ” ಎಂದು ಹೊರಟೇಹೋದ. ಕಲ್ಲಿನ ವ್ಯಾಪಾರದವರಿಗೆ ಹೇಳುತ್ತೇನೆ: ಮೊಟ್ಟೆ ಕಂಡರೆ ಆ ಬಂಡೆಯ ಆಸೆ ಬಿಡಿ.

ಎಮ್ಮೆ ಹೋದ ಸಂಕಟಕ್ಕೆ ನಾಲ್ಕು ದಿನ ಅಲ್ಲೇ ಹೋಗಿ ಕುಳಿತೆ. ಕುಳಿತವನಿಗೆ ನೋಡಲು ಇದ್ದದ್ದು ಆ ಹಲ್ಲಿಗಳೇ. ಬೆರಳುದ್ದವೂ ಇಲ್ಲ, ಕಲ್ಲಿನದೇ ಬೂದುಬಣ್ಣ, ಮೇಲೆ ಕಂದು ಮಚ್ಚೆ. ಮನೆಯ ಹಲ್ಲಿಯಂತೆ ಅಗಲ ಪಾದವಿಲ್ಲ, ಗುಬ್ಬಿಕಾಲಿನಂಥ ತೆಳು ಬೆರಳು. ಕಣ್ಣಪಾಪೆಯೂ ಗೀರಾಗಿರದೆ ನಮ್ಮದರಂತೆ ದುಂಡಗಿತ್ತು. ಹಗಲು ಹೊತ್ತಿನಲ್ಲೇ ನೆರಳಿನ ಅಂಚಿಗೆ ಬಂದು ಇರುವೆ, ಜೇಡ ಹಿಡಿಯುತ್ತಿದ್ದವು. ಕಲ್ಲು ಕಾದರೆ ಒಳಗೆ. ಗಂಡುಗಳ ಗಂಟಲು ಅರಿಸಿನ ಬಳಿದಂತೆ. ಇಷ್ಟೆಲ್ಲ ಕಂಡೆ, ಒಂದೂ ಒಮ್ಮೆಯೂ ಲೊಚಗುಟ್ಟಿದ್ದು ಕೇಳಲಿಲ್ಲ.

ಐದನೆಯ ದಿನ ಅಜ್ಜಿಯ ಮುಂದೆ ನಿಂತೆ. “ಅಜ್ಜೀ, ಆ ಹಲ್ಲಿಗೊಳು ಮೂಗವು. ಅವತ್ತು ನುಡ್ದಿದ್ದು ಯಾರು?”

“ಎಮ್ಮೆ ಕೊಟ್ಬುಟ್ಟು ಈಗ ಹಲ್ಲಿ ಮ್ಯಾಲೆ ತಪ್ಪು ಹೊರಿಸ್ತೀಯೇನ್ಲಾ?”

“ನೀನೇ ಬಂದು ಕೇಳು ಬಾ.”

ಬಂದಳು. ಕುಳಿತು ಎಲೆಅಡಿಕೆ ಹಾಕಿಕೊಂಡಳು. ಎದುರಿನ ಅಂಚಿನಲ್ಲೇ ಎರಡು ಹಲ್ಲಿ. ಕಿವಿಗೊಟ್ಟು ಅವನ್ನೇ ನೋಡುತ್ತಿದ್ದೆವು. ಬಹಳ ಹೊತ್ತಿನ ಮೇಲೆ ‘ಲೊಚ್ ಲೊಚ್’ ಎಂದಿತು! ಅಜ್ಜಿಯ ಬೆರಳು ನೆಲಕ್ಕೆ ಹೋಗುತ್ತಿದ್ದದ್ದು ಅಲ್ಲೇ ನಿಂತಿತು. ಹಲ್ಲಿಗಳು ಮಿಸುಕಿರಲಿಲ್ಲ. ಅವಳು ಕೆನ್ನೆ ಮುಟ್ಟಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

“ಅಯ್ಯೋ ಸಿವನೇ! ಹಲ್ಲಿ ಅಲ್ಲ ಕಣ್ಲಾ, ಹಲ್ಲು! ಅಡ್ಕೆ ಚೂರು ಸಿಕ್ಕಾಕ್ಕಂಡೈತೆ, ಎಳ್ಕತಿದ್ದೆ. ಅವತ್ತೂ ಇಂಗೇ ಆಗಿರ್ಬೇಕು.”

“ಅಂಗಾರೆ ಮಾತು ಮುರೀಬೋದು.”

“ಎಮ್ಮೆ ಹೊಡ್ಕಂಡು ಹೋಗು. ಕುಡ್ದಿರೋ ಹಾಲು ಮಾತ್ರ ಕೇಳ್ಬ್ಯಾಡ.”

“ಕೇಳಲ್ಲ. ಹುಲ್ಲು ಹಾಕಿದೀನಿ, ಕಾಸು ಕೊಡು ಅಂತ ನೀನೂ ಕೇಳ್ಬ್ಯಾಡ.”

ಕೇಳಬೇಕೆಂದೇ ಬಾಯಿ ತೆರೆದಿದ್ದಳು. ಮುಚ್ಚಿಕೊಂಡು, ಕೊಟ್ಟಿಗೆಗೆ ಹೋಗಿ ತಾನೇ ಹಗ್ಗ ಬಿಚ್ಚಿಕೊಟ್ಟಳು.