ಟ್ರ್ಯಾಕ್ಟರ್ ಕಟ್ಟಿ ಎಳೆದ ವಿಮಾನ

ಗದ್ದೆಯಲ್ಲಿ ಯೂರಿಯಾ ಚೆಲ್ಲುತ್ತಿದ್ದೆ. ಸಣ್ಣ ವಿಮಾನವೊಂದು ಸದ್ದಿಲ್ಲದೆ ಇಳಿದು ಬಂದು, ನಮ್ಮ ಮುಕ್ಕುಂದ ಊರಿನ ಭತ್ತದ ಕೆಸರಲ್ಲಿ ಹೊಟ್ಟೆ ಮಟ ಹೂತುಕೊಂಡಿತು. ಒಂದು ರೆಕ್ಕೆ ಅಲ್ಲೇ ಮುರಿಯಿತು.

ಓಡಿಹೋಗಿ ಬಾಗಿಲು ಎಳೆದರೆ ಒಳಗೆ ಒಬ್ಬಳೇ ಹುಡುಗಿ. ವಿಮಾನ ಹಾರಿಸಲು ಕಲಿಯುತ್ತಿದ್ದವಳು. ಹಣೆ ಒಡೆದು ರಕ್ತ... ಆದರೂ ಇಳಿದು ನೆಟ್ಟಗೆ ನಿಂತಳು. ಗಾಳಿಯಲ್ಲೇ ಎಂಜಿನ್ ಬಂದಾಯಿತು ಎಂದಳು.

ಅಷ್ಟರಲ್ಲಿ ಊರೆಲ್ಲ ಬದುವಿನ ಮೇಲೆ, ಕೈಯಲ್ಲಿ ಮೊಬೈಲ್.

ನಮ್ಮ ಕಡೆ ಟ್ರ್ಯಾಕ್ಟರ್ ಕೆಸರಲ್ಲಿ ಹೂತರೆ ಯಾರೂ ಯೋಚನೆ ಮಾಡುತ್ತಾ ನಿಲ್ಲುವುದಿಲ್ಲ. ಇನ್ನೊಂದು ಟ್ರ್ಯಾಕ್ಟರ್ ತಂದು, ಸರಪಳಿ ಕಟ್ಟಿ ಎಳೆಯುತ್ತೇವೆ. ತಡವಾದರೆ ಇನ್ನೂ ಕೆಳಗೆ ಹೋಗುತ್ತದೆ. ನಾನು ಅದನ್ನೇ ಮಾಡಿಸಲು ಹೊರಟೆ.

ಹುಡುಗಿ ಅಡ್ಡ ಬಂದಳು. ಮೈಸೂರು ಕಡೆಯ ಮಾತು.

"ಅಜ್ಜ, ಮುಟ್ಟಬೇಡಿ. ಆಫೀಸರ್ ಬಂದು ನೋಡೋವರೆಗೂ ಹೀಗೇ ಇರ್ಬೇಕು."

"ಏ, ಸುಮ್ಮ ನಿಂದ್ರಬೇ ನೀ. ಕೆಸರಿನ ಸುದ್ದಿ ನಿನಗೇನ್ ಗೊತ್ತೈತಿ? ಮೊದಲ ಹೋಗಿ ಪಟ್ಟಿ ಹಾಕಿಸ್ಕೋ."

"ಅಜ್ಜ, ಪ್ಲೀಸ್..."

ನಾನು ಕೇಳಲಿಲ್ಲ. ಗದರಿಸಿ ಕಾರು ಹತ್ತಿಸಿ ಸಿಂಧನೂರು ಆಸ್ಪತ್ರೆಗೆ ಕಳಿಸಿದೆ.

ಎಳೆಯುವಾಗ ಉಳಿದ ರೆಕ್ಕೆ ಬದುವಿಗೆ ತಾಗಿ ಹರಿಯಿತು. ಪೆಟ್ರೋಲೆಲ್ಲ ಗದ್ದೆಗೆ ಸುರಿಯಿತು. ರೆಕ್ಕೆಯೊಳಗೆ ಪೆಟ್ರೋಲ್ ಇರುತ್ತದೆಂದು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೇನು ಗೊತ್ತು?

ಗೊತ್ತಿದ್ದವಳನ್ನು ನಾನೇ ಓಡಿಸಿದ್ದೆ.

ಸಂಜೆ ತನಿಖೆಯ ಸಾಹೇಬರು ಬಂದರು.

"ಯಜಮಾನ್ರೇ, ಮುರಿದ ಎರಡೂ ರೆಕ್ಕೆಯ ಟ್ಯಾಂಕ್ ಖಾಲಿ. ಪೆಟ್ರೋಲ್ ಮುಗಿದು ಎಂಜಿನ್ ನಿಂತಿತೋ, ಬೇರೆ ಏನಾದ್ರೂ ಕೆಟ್ಟಿತ್ತೋ, ಈಗ ಹೇಗೆ ಹೇಳೋದು?"

"ಇತ್ತುರೀ ಸಾಹೇಬ್ರ! ನನ್ನ ಕಾಲ ಮ್ಯಾಲೇ ಸುರದೈತಿ!"

"ಎಷ್ಟಿತ್ತು?"

ಅದನ್ನು ನಾನು ಅಳೆದಿರಲಿಲ್ಲ.

ಹಣೆಗೆ ಪಟ್ಟಿ ಹಾಕಿಸಿಕೊಂಡು ಬಂದ ಹುಡುಗಿ ಪಕ್ಕದಲ್ಲೇ ಇದ್ದಳು. ಟ್ಯಾಂಕ್ ತುಂಬಿದ್ದನ್ನು ನೋಡಿಯೇ ಹೊರಟಿದ್ದೆ ಎಂದಳು. ಸಾಹೇಬರು ಬರೆದುಕೊಂಡರು, ಅಷ್ಟೇ. ಆಕೆ ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ತಿರುಗಿ ಬೈಯಲು ನನಗೂ ಬಾಯಿ ಇತ್ತು.

ತನಿಖೆ ಮುಗಿಯುವವರೆಗೆ ಆಕೆ ಹಾರುವಂತಿಲ್ಲವಂತೆ. ಮುಗಿದ ಮೇಲಾದರೂ ಬಿಡುತ್ತಾರೋ ಇಲ್ಲವೋ... ಯಾರೂ ಹೇಳುತ್ತಿಲ್ಲ.

ನನಗೆ ಮಾತ್ರ ಊರವರು ಶಾಲು ಹೊದಿಸಿದರು, ಹುಡುಗಿಯ ಜೀವ ಉಳಿಸಿದೆನೆಂದು. ಫೇಸ್‌ಬುಕ್ಕಿಗೆ ಹಾಕಿದ ಆ ಫೋಟೋದ ಕೆಳಗೆ ಮಸ್ಕಿಯ ನನ್ನ ಅಳಿಯನೇ ಬರೆದಿದ್ದಾನೆ: "ಪೆಟ್ರೋಲ್ ಹಾಕ್ಸೂದು ಮರ್ತು ಹಾರ್ಯಾಳ ನೋಡ್ರಿ ಮಾಮಾ." ಅದಕ್ಕೆ ಸಾಲು ಸಾಲು ನಗುವ ಮುಖಗಳು.

ನಗುವವರೇ, ಪೆಟ್ರೋಲ್ ಚೆಲ್ಲಿದವನು ನಾನು. ಆಕೆಯನ್ನು ಯಾಕೆ ಆಡಿಕೊಳ್ಳುತ್ತೀರಿ?