ತೋಳಿನಿಂದ ತಂಪು ಅಳೆಯುತ್ತಿದ್ದ ನನ್ನ ತಮ್ಮ

ನನ್ನ ತಮ್ಮ ಫ್ರಿಜ್ ರಿಪೇರಿ ಮಾಡುತ್ತಾನೆ. ಮೂವತ್ತೊಂದು ವರ್ಷದಿಂದ ಅದೇ ಕೆಲಸ. ಊರಲ್ಲಿ ಫ್ರಿಜ್ ರಿಪೇರಿಯವರು ಬೇಕಾದಷ್ಟು ಜನ ಇದ್ದಾರೆ. ಆದರೆ ತಂಪು ತಗುಲಿದರೆ ಮೈಮೇಲೆ ದದ್ದು ಏಳುವ ರಿಪೇರಿಯವನು ಇವನೊಬ್ಬನೇ. ನೀರಿಗೆ ಹೆದರುವವನು ಅಂಬಿಗನಾದ ಹಾಗೆ ಎಂದು ಜನ ನಗುತ್ತಾರೆ. ಬೀದಿಯಲ್ಲಿ ಅವನಿಗೆ ದದ್ದು ಮೇಸ್ತ್ರಿ ಎಂದೇ ಹೆಸರು. ಕರೆದರೆ ಅವನೂ ಓಗೊಡುತ್ತಾನೆ.

ಇದು ಚಿಕ್ಕಂದಿನಿಂದ ಇರುವುದು. ಏಳು ವರ್ಷದವನಿದ್ದಾಗ ಐಸ್ ಕಡ್ಡಿ ತಿಂದು ಅವನ ತುಟಿ ಬದನೆಕಾಯಿಯ ಹಾಗೆ ಊದಿಕೊಂಡಿತ್ತು. ಅಮ್ಮ ಅದು ಐಸಿಗೆ ಹಾಕಿದ ಬಣ್ಣದ ದೋಷ ಅಂದಳು. ತಣ್ಣೀರು ಹೊಯ್ದುಕೊಂಡರೆ ಮೈಯೆಲ್ಲ ಕೆಂಪು ದದ್ದು. ಸ್ನಾನ ತಪ್ಪಿಸೋಕೆ ಬೇಕಂತಲೇ ಕೆರೆದುಕೊಂಡಿದ್ದಾನೆ ಎಂದು ಅಪ್ಪ ಎರಡು ಬಾರಿಸಿದರು. ನಾನು ಆಗ ಹನ್ನೆರಡರವಳು. ಅವನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ ಒಂದು ಕಾಲಿಗೆ ಮಾತ್ರ ತಣ್ಣೀರು ಹಾಕಿದೆ, ಇನ್ನೊಂದು ಕಾಲನ್ನು ಒಣಗಿದ್ದ ಹಾಗೇ ಬಿಟ್ಟೆ. ನೀರು ಬಿದ್ದ ಕಾಲಿನ ಮೇಲಷ್ಟೇ ದದ್ದು ಎದ್ದಿತು. ಅಪ್ಪನನ್ನು ಕರೆದು ತೋರಿಸಿದೆ. ಅವತ್ತಿನಿಂದ ಅವನಿಗೆ ಬಿಸಿನೀರು.

ಅವನು ಕೂತಲ್ಲಿ ಕೂರುವವನಲ್ಲ. ನಡೆಯುತ್ತಿದ್ದರೆ ರಕ್ತ ಬಿಸಿಯಾಗಿರುತ್ತದೆ, ರಕ್ತ ಬಿಸಿಯಾಗಿದ್ದರೆ ದದ್ದು ಏಳುವುದಿಲ್ಲ ಎಂದು ಅವನೇ ಒಂದು ಲೆಕ್ಕ ಮಾಡಿಕೊಂಡಿದ್ದಾನೆ. ಊಟ ನಿಂತುಕೊಂಡೇ. ಪೇಪರು ಓದುವುದು ಬಾಗಿಲಿಗೂ ಕಿಟಕಿಗೂ ನಡುವೆ ಓಡಾಡುತ್ತಾ. ಮದುವೆಯೂ ಆಗಲಿಲ್ಲ. ಯಾರಾದರೂ ಕೇಳಿದರೆ, ಒಂದು ಕಡೆ ನಿಲ್ಲದವನನ್ನು ಯಾರು ಕಟ್ಟಿಕೊಳ್ತಾರೆ, ಕಟ್ಟಿಕೊಳ್ಳೋಕಾದ್ರೂ ನಿಲ್ಲಬೇಕಲ್ಲ ಎನ್ನುತ್ತಾನೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಅವನ ಜೊತೆ ಬಂದು ಇದ್ದೇನೆ. ಒಂಬತ್ತು ವರ್ಷವಾಯಿತು. ಎರಡು ಕೋಣೆ, ಒಂದು ಅಡುಗೆಮನೆ. ಒಂದು ಕೋಣೆ ತುಂಬ ಅವನ ಕಂಪ್ರೆಸರು, ತಾಮ್ರದ ಪೈಪು, ಗ್ಯಾಸಿನ ಸಿಲಿಂಡರು.

ಇಂಥವನು ಈ ಕೆಲಸಕ್ಕೆ ಬಂದದ್ದು ಹೇಗೆ ಎಂದರೆ, ಕೆಲಸ ಕಲಿಯುತ್ತಿದ್ದ ಅಂಗಡಿಯಲ್ಲಿ ಒಂದು ದಿನ ಮುಂಗೈ ಫ್ರಿಜ್ಜಿನ ಐಸ್ ಪೆಟ್ಟಿಗೆಯ ತಗಡಿಗೆ ತಗುಲಿತು. ದದ್ದು ಎದ್ದಿತು. ಮಾರನೆಯ ದಿನ ಕೆಟ್ಟ ಮೆಷಿನ್ನಿಗೆ ತಗುಲಿತು. ಏಳಲಿಲ್ಲ. ಬೇರೆಯವನಾಗಿದ್ದರೆ ತುಂಬು ತೋಳಿನ ಅಂಗಿ ಹಾಕುತ್ತಿದ್ದ. ಇವನು ತೋಳು ಮಡಿಸಿದ. ತಗಡಿಗೆ ಎಡಗೈ ಒತ್ತಿ ಮುನ್ನೂರು ಎಣಿಸಬೇಕು. ಕೈ ತೆಗೆದು ಗಿರಾಕಿಯ ಅಡುಗೆಮನೆಯಲ್ಲೇ ಹತ್ತು ನಿಮಿಷ ಶತಪಥ ಹಾಕಬೇಕು. ಕಡಲೆ ಗಾತ್ರದ ದದ್ದು ಎದ್ದರೆ ಗ್ಯಾಸು ಕಡಿಮೆ. ಗುಂಡಗೆ ನಾಣ್ಯದಷ್ಟು ಎದ್ದರೆ ಮೆಷಿನ್ ಸರಿ. ಒಂದಕ್ಕೊಂದು ಕೂಡಿ ಚಪ್ಪಟೆಯಾಗಿ ಹಬ್ಬಿದರೆ ತಂಪು ಜಾಸ್ತಿ, ಒಳಗಿನ ತಂಪಿನ ಗುಂಡಿ ಇಳಿಸಬೇಕು. ಮನೆಯ ಹೆಂಗಸರು, ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಯಾರಾದರೂ ಥರ್ಮಾಮೀಟರ್ ಇಲ್ಲವಾ ಎಂದರೆ, "ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ?" ಎನ್ನುತ್ತಿದ್ದ. ಒಂದು ಸಲವೂ ತಪ್ಪಿದ್ದಿಲ್ಲ. ಅವನ ಹೆಸರು ನಿಂತಿದ್ದು ಆ ತೋಳಿನ ಮೇಲೆ.

ಹೋದ ಚಳಿಗಾಲದಲ್ಲಿ ಒಂದು ಸಂಜೆ ತಣ್ಣನೆ ಗಾಳಿಯಲ್ಲಿ ಸೈಕಲ್ ತುಳಿದುಕೊಂಡು ಬಂದ. ಬಾಗಿಲು ತೆಗೆದರೆ ನನಗೆ ಗುರುತೇ ಸಿಗಲಿಲ್ಲ. ಕಣ್ಣು ಎರಡೂ ಮುಚ್ಚಿಹೋಗಿದ್ದವು, ಗಂಟಲಿನಿಂದ ಬರೀ ಗಾಳಿ ಬರುತ್ತಿತ್ತು. ಬಿಸಿ ಬಟ್ಟೆ ಹೊದಿಸಿ ಒಲೆಯ ಹತ್ತಿರ ನಿಲ್ಲಿಸಿದೆ. ಒಂದು ಗಂಟೆಗೆ ಇಳಿಯಿತು. ಮಾರನೆಯ ಬೆಳಿಗ್ಗೆ ಎಳೆದುಕೊಂಡೇ ಡಾಕ್ಟರಮ್ಮನ ಹತ್ತಿರ ಹೋದೆ.

ಆಕೆ ಒಂದು ಐಸ್ ತುಂಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅವನ ಕೈ ಮೇಲಿಟ್ಟು ಗಡಿಯಾರ ನೋಡಿದರು.

"ಐದು ನಿಮಿಷ ಇಡಿ. ಆಮೇಲೆ ಹತ್ತು ನಿಮಿಷ ಕಾಯಿರಿ," ಎಂದ ತಮ್ಮ.

"ನಿಮಗೆ ಹೇಗೆ ಗೊತ್ತು?"

"ಇದೇ ನನ್ನ ಕೆಲಸ ಡಾಕ್ಟ್ರೇ. ದಿನಾ ಮಾಡ್ತೀನಿ."

ಆಕೆ ನಗಲಿಲ್ಲ. ಇದು ತಂಪಿನ ಅಲರ್ಜಿ, ಕೈಗೆ ಮಾತ್ರ ತಗುಲಿದರೆ ದದ್ದು, ಮೈಯೆಲ್ಲ ತಗುಲಿದರೆ ಗಂಟಲು ಕಟ್ಟಿ ಪ್ರಾಣಕ್ಕೇ ಕುತ್ತು ಬರುತ್ತದೆ ಎಂದು ನಿಧಾನವಾಗಿ ಹೇಳಿದರು. ದಿನಕ್ಕೊಂದು ಮಾತ್ರೆ ಬರೆದರು.

"ತಗೊಂಡ್ರೆ ದದ್ದು ಏಳಲ್ವಾ?" ಎಂದ.

"ಏಳಲ್ಲ. ಅದಕ್ಕೇ ಅಲ್ವಾ ಕೊಡೋದು?"

"ಹಾಗಾದ್ರೆ ನನಗೆ ಬೇಡ."

ದಾರಿಯುದ್ದಕ್ಕೂ ಬೇಡಿದೆ, ಬೈದೆ. "ಅಕ್ಕ, ತೋಳು ಸತ್ತ ಮೇಲೆ ನಾನು ಹತ್ತರಲ್ಲಿ ಹನ್ನೊಂದನೇ ರಿಪೇರಿಯವನು. ಸಾಯೋ ಮಾತು ಬಿಡು, ಸಾಯೋದಾಗಿದ್ರೆ ಇಷ್ಟು ಹೊತ್ತಿಗೆ ಸಾಯ್ತಿದ್ದೆ," ಎಂದು ನನ್ನನ್ನು ಹಿಂದೆ ಬಿಟ್ಟು ನಡೆದ.

ಆ ಚೀಟಿಯನ್ನು ನಾನು ಎಸೆಯಲಿಲ್ಲ. ನಮ್ಮ ಬೀದಿಯ ಮೆಡಿಕಲ್ ಷಾಪಿನವರು ಅವನಿಗೆ ಬಹಳ ಬೇಕಾದವರು, ಬಾಯಿಬಿಟ್ಟಾರು ಎಂದು ಆಸ್ಪತ್ರೆಯ ಹತ್ತಿರದ ಅಂಗಡಿಗೆ ನಡೆದುಹೋಗಿ ಮಾತ್ರೆ ತಂದೆ. ಬೇಳೆ ಡಬ್ಬಿಯಲ್ಲಿ ಬಚ್ಚಿಟ್ಟೆ. ಬೆಳಿಗ್ಗೆ ಒಂದನ್ನು ಚಮಚದ ಬೆನ್ನಿನಿಂದ ಪುಡಿಮಾಡಿ ಅವನ ಚಹಾಕ್ಕೆ ಹಾಕಿದೆ. ಕಹಿ ಗೊತ್ತಾಗದಿರಲೆಂದು ಒಂದು ಚಮಚ ಸಕ್ಕರೆ ಹೆಚ್ಚು.

"ಏನಕ್ಕ, ಪಾಯಸ ಮಾಡಿಟ್ಟಿದೀಯ?"

"ವಯಸ್ಸಾಯ್ತು ಕಣೋ. ಕೈ ಅಂದಾಜು ತಪ್ತು."

ಅವನ ಜೀವ ಉಳಿಯಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ದದ್ದು ಏಳದಿದ್ದರೆ ತಾನಾಗಿಯೇ ಥರ್ಮಾಮೀಟರ್ ಕೊಳ್ಳುತ್ತಾನೆ ಅಂದುಕೊಂಡೆ. ಅಲ್ಲಿಗೆ ನನ್ನ ಯೋಚನೆ ಮುಗಿದಿತ್ತು. ಮೂವತ್ತೊಂದು ವರ್ಷ ಸುಳ್ಳು ಹೇಳದ ತೋಳನ್ನು ಬಿಟ್ಟು ಅವನು ಮೆಷಿನ್ನನ್ನೇ ಅನುಮಾನಿಸುತ್ತಾನೆ ಎಂದು ನನಗೆ ಹೊಳೆಯಲಿಲ್ಲ.

ಮೊದಲ ಮೂರು ವಾರದಲ್ಲಿ ಮೂರು ಮನೆಗೆ ಹೋಗಿಬಂದ. ಮೂರೂ ಕಡೆ ತೋಳಿನ ಮೇಲೆ ಬರೀ ಕೆಂಪು, ದದ್ದಿಲ್ಲ. ಮೂರೂ ಕಡೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಬಂದ. "ಈಗಿನ ಗ್ಯಾಸೆಲ್ಲ ಕಲಬೆರಕೆ," ಎಂದು ಗೊಣಗಿದ. ಆಗಲೇ ನನಗೆ ಗೊತ್ತಾಗಬೇಕಿತ್ತು. ಗೊತ್ತಾಯಿತು ಕೂಡ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಹಾಗೆ ಸುಮ್ಮನಿದ್ದೆ.

ಇಪ್ಪತ್ತಾರನೆಯ ದಿನ ಮೆಡಿಕಲ್ ಷಾಪಿನವರು ಕರೆದರು. ಇಂಜೆಕ್ಷನ್ ಇಡುವ ಅವರ ಫ್ರಿಜ್ಜು ಗಡಗಡ ಎನ್ನುತ್ತಿತ್ತು. ಸಡಿಲಾದ ಒಂದು ಸ್ಕ್ರೂ ಬಿಗಿ ಮಾಡಿದ, ಸದ್ದು ನಿಂತಿತು. ಅಲ್ಲಿಗೆ ಎದ್ದುಬರಬಹುದಿತ್ತು. ಇವನು ಅಭ್ಯಾಸಬಲದಿಂದ ತೋಳು ಒತ್ತಿದ. ಏನೂ ಏಳಲಿಲ್ಲ. ಒಳಗೆ ಒಂದು ಥರ್ಮಾಮೀಟರ್ ತೂಗುಹಾಕಿದ್ದರಂತೆ, ತಂಪು ಸರಿಯಾಗಿದೆ ಎಂದೇ ತೋರಿಸುತ್ತಿತ್ತಂತೆ. ಇವನು ಅದನ್ನು ಕಿತ್ತು ಮೇಜಿನ ಮೇಲಿಟ್ಟು, "ಇದು ಕೆಟ್ಟಿದೆ ಸ್ವಾಮಿ, ಎಸೀರಿ," ಎಂದು ಹೇಳಿ ಗುಂಡಿ ಪೂರ್ತಿ ತಿರುಗಿಸಿ ಬಂದ.

ಮಾರನೆಯ ಬೆಳಿಗ್ಗೆ ಅಷ್ಟೂ ಇಂಜೆಕ್ಷನ್ನು ಗಡ್ಡೆ ಕಟ್ಟಿದ್ದವು. ಒಮ್ಮೆ ಗಡ್ಡೆಯಾದರೆ ಕರಗಿಸಿ ಕೊಡುವ ಹಾಗಿಲ್ಲವಂತೆ. ದಿನಾ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಒಯ್ಯುವ ಒಬ್ಬ ಟೀಚರಮ್ಮ ಬರಿಗೈಲಿ ವಾಪಸು ಹೋದರು, ಬೇರೆ ಕಡೆಯಿಂದ ತರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಷಾಪಿನವರು ಬೈಯಲಿಲ್ಲ. "ನೀವು ಹೇಳಿದಿರಿ ಅಂತ ನಂಬಿದೆ ಮೇಸ್ತ್ರಿ. ಮೆಷಿನ್ನೇ ಹಾಳಾಗಿರ್ಬೇಕು, ಗುಜರಿಗೆ ಹಾಕ್ತೀನಿ," ಎಂದರಂತೆ, ಅಷ್ಟೇ. ಬೈದಿದ್ದರೆ ಇವನು ತಡೆದುಕೊಳ್ಳುತ್ತಿದ್ದ.

ಆಮೇಲಿನ ಐದು ದಿನ ಮನೆಯಲ್ಲಿ ಕಣ್ಣು ಮುಚ್ಚಲಾಗಲಿಲ್ಲ. ಗಂಟೆಗೊಮ್ಮೆ ಐಸ್ ತೆಗೆದು ತೋಳಿಗೆ ಒತ್ತುವನು. ಎಣಿಸುವನು. ಓಡಾಡುವನು. ಕಿಟಕಿಯ ಬೆಳಕಿಗೆ ಹಿಡಿದು ನೋಡುವನು. ಪಕ್ಕದ ಮನೆಯವರ ಐಸ್ ಕೇಳಿ ತಂದ, ನಮ್ಮ ಮನೆಯ ನೀರೇ ಸರಿಯಿಲ್ಲವೇನೋ ಎಂದು. "ಅಕ್ಕ, ನನ್ನ ತೋಳು ಹೋಯ್ತು," ಎಂದ. ಮಕ್ಕಳು ಬಿದ್ದಾಗ ಹೇಳುವ ಧ್ವನಿ ಅದು. ನಾನು ತರಕಾರಿ ಹೆಚ್ಚುತ್ತಾ ಕೂತಿದ್ದೆ. ಹೇಳಿದರೆ ಮಾತ್ರೆ ಬಿಡುತ್ತಾನೆ, ಬಿಟ್ಟರೆ ಗಂಟಲು ಕಟ್ಟುತ್ತದೆ. ಹೇಳದಿದ್ದರೆ ಹೀಗೆ ನೋಡುತ್ತಾ ಕೂರಬೇಕು. ಎರಡೂ ಆಗಲಿಲ್ಲ. ಮಾತ್ರೆ ಹಾಕುವುದನ್ನು ನಿಲ್ಲಿಸಿಬಿಟ್ಟೆ. ದದ್ದು ತಾನಾಗಿಯೇ ಬರಲಿ, ಅವನ ಸಮಾಧಾನ ಅವನಿಗೆ ಸಿಗಲಿ, ನನ್ನ ಗುಟ್ಟೂ ಉಳಿಯಲಿ. ಇದು ನನ್ನ ಎರಡನೆಯ ತಪ್ಪು.

ಏಕೆಂದರೆ ಅಷ್ಟರಲ್ಲಿ ಅವನು ಪರೀಕ್ಷೆ ಮಾಡುವುದನ್ನೇ ಬಿಟ್ಟಿದ್ದ. ತೋಳಿಗೆ ಒಂದು ಬಟ್ಟೆ ಸುತ್ತಿಕೊಂಡು ಅದರ ಕಡೆ ತಿರುಗಿಯೂ ನೋಡಲಿಲ್ಲ. ಮಾತ್ರೆ ನಿಲ್ಲಿಸಿದ ಮೂರನೆಯ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ: "ಐಸ್ ಫ್ಯಾಕ್ಟರಿಗೆ ಹೋಗಿ ಬರ್ತೀನಿ. ಐಸ್ ಇಡೋ ಕೋಣೆ ಒಳಗೇ ಕೂತು ನೋಡ್ತೀನಿ. ಅಲ್ಲೂ ಏಳ್ಲಿಲ್ಲ ಅಂದ್ರೆ ಸಾಮಾನೆಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೀನಿ."

ಮಾತ್ರೆ ನಿಲ್ಲಿಸಿದ್ದನ್ನು ಹೇಳಲೋ ಬೇಡವೋ ಎನ್ನುವಷ್ಟರಲ್ಲಿ ಅವನು ಮೆಟ್ಟಿಲು ಇಳಿದುಹೋದ. ಸೈಕಲ್ಲಿನ ಗಂಟೆ ತಿರುವಿನಲ್ಲಿ ಕೇಳಿಸಿದ ಮೇಲೆ ನಾನು ಶಾಲು ಹೊದ್ದು ಓಡಿದೆ. ನನ್ನ ಓಟ ಎಂದರೆ ಬೇರೆಯವರ ನಡಿಗೆ. ಬಸ್ ನಿಲ್ದಾಣದ ಹಿಂದಿನ ಬೀದಿ, ಆಮೇಲೆ ಮರದ ಡಿಪೋ, ಅದಾದ ಮೇಲೆ ಐಸ್ ಫ್ಯಾಕ್ಟರಿ. ಇಪ್ಪತ್ತು ನಿಮಿಷ ಹಿಡಿಯಿತು. ದಾರಿಯಲ್ಲಿ ಯಾರೋ "ಏನಜ್ಜಿ, ರೈಲು ತಪ್ತಾ?" ಎಂದರು.

ದಪ್ಪ ಬಾಗಿಲಿನ ಹೊರಗೆ ಐಸ್ ಗಾಡಿಯ ಡ್ರೈವರು ಬೀಡಿ ಸೇದುತ್ತಾ ನಿಂತಿದ್ದ. "ದದ್ದು ಮೇಸ್ತ್ರಿ ಒಳಗಿದ್ದಾರೆ. ಅಂಗಿ ಬಿಚ್ಚಿ ಕೂತಿದ್ದಾರೆ ತಾಯಿ, ಯೋಗಿ ಥರ," ಎಂದು ನಕ್ಕ.

"ಬಾಗಿಲು ತೆಗಿ! ಸಾಯ್ತಾನೆ!" ಎಂದೆ.

ಬಾಗಿಲು ತೆಗೆಯುವಷ್ಟರಲ್ಲಿ ಅವನೇ ಹೊರಗೆ ಬಂದ. ಎದೆ, ಬೆನ್ನು, ಕುತ್ತಿಗೆ ಎಲ್ಲ ಊದಿ ಒಂದೇ ಹಾಸಿನಂತಾಗಿತ್ತು. ಮುಖದಲ್ಲಿ ಮಾತ್ರ ಅಂಥ ಸಂತೋಷ ನಾನು ಎಂದೂ ನೋಡಿರಲಿಲ್ಲ. ತೋಳು ಮುಂದೆ ಚಾಚಿ, "ಅಕ್ಕಾ! ಬಂತು! ನೋಡು, ಬಂತು!" ಎಂದ. ಎರಡನೆಯ "ಬಂತು" ಅರ್ಧಕ್ಕೇ ಒಡೆಯಿತು. ತುಟಿ ದಪ್ಪವಾಯಿತು. ಗೋಡೆ ಹಿಡಿಯಲು ಹೋಗಿ ಗೋಡೆ ಸಿಗದೆ ಕುಸಿದ.

ನನ್ನ ಶಾಲು, ಡ್ರೈವರಿನ ಕಂಬಳಿ ಎರಡನ್ನೂ ಸುತ್ತಿ ಐಸ್ ಗಾಡಿಯ ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಹಾಕಿಕೊಂಡೆವು. ಅವನ ಉಸಿರು ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆಗಳನ್ನು ಎಣಿಸುತ್ತಾ ಹೋದೆ. ಆಸ್ಪತ್ರೆಯ ಬಾಗಿಲಿಗೆ ಬರುವಷ್ಟರಲ್ಲಿ ನೂರ ಎಂಬತ್ತು ಆಗಿತ್ತು. ತೊಡೆಗೆ ಒಂದು ಇಂಜೆಕ್ಷನ್ ಚುಚ್ಚಿದರು, ಮೂಗಿಗೆ ನಳಿಗೆ ಇಟ್ಟರು. ಹತ್ತು ನಿಮಿಷಕ್ಕೆ ಸಿಳ್ಳೆ ನಿಂತಿತು. ನಿಂತದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ನಾನು ನರ್ಸಮ್ಮನ ಕೈ ಹಿಡಿದುಕೊಂಡೆ. "ಒಳ್ಳೇದಕ್ಕೇ ಅಮ್ಮ," ಎಂದಳು.

ಸಂಜೆಗೆ ಅವನು ಕಣ್ಣು ಪೂರ್ತಿ ತೆರೆದ. ಇನ್ನು ತಡೆದರೆ ನಾನೇ ಸತ್ತುಹೋಗುತ್ತೇನೆ ಎನ್ನಿಸಿ ಎಲ್ಲವನ್ನೂ ಹೇಳಿದೆ. ಚಮಚ, ಸಕ್ಕರೆ, ಬೇಳೆ ಡಬ್ಬಿ, ಏನೂ ಬಿಡಲಿಲ್ಲ.

ಚಾವಣಿ ನೋಡುತ್ತಾ ಮಲಗಿದ್ದ. "ಎಷ್ಟು ಮಾತ್ರೆ?"

"ಮೂವತ್ತೊಂದು."

ಬೆರಳು ಮಡಿಸಿ ಲೆಕ್ಕ ಹಾಕಿದ. "ಹಾಗಾದ್ರೆ ಮೆಡಿಕಲ್ ಷಾಪಿನ ಮೆಷಿನ್ ಸರಿಯಾಗೇ ಇತ್ತು."

"ಸರಿಯಾಗೇ ಇತ್ತು."

"ಥರ್ಮಾಮೀಟರೂ?"

"ಅದೂ."

ಕೈಗೆ ಚುಚ್ಚಿದ್ದ ನಳಿಗೆಯ ಸಮೇತ ಎದ್ದು ಚಪ್ಪಲಿ ಹುಡುಕಿದ. ಆ ಮನುಷ್ಯ ಒಳ್ಳೆ ಮೆಷಿನ್ ಗುಜರಿಗೆ ಹಾಕ್ತಾನೆ, ಬಿಡಿ ನನ್ನ ಎಂದು ನರ್ಸಮ್ಮನ ಜೊತೆ ಜಗಳ. ಇಬ್ಬರು ಹಿಡಿದು ಮಲಗಿಸಬೇಕಾಯಿತು. ನನ್ನನ್ನು ಒಂದು ಮಾತೂ ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಮಾರನೆಯ ದಿನ ಆಸ್ಪತ್ರೆಯಿಂದ ನೇರ ಆ ಅಂಗಡಿಗೇ ನಡೆದ. ನಾನು ಹಿಂದೆ. ಪುಣ್ಯಕ್ಕೆ ಮೆಷಿನ್ ಇನ್ನೂ ಹಿಂಬಾಗಿಲ ಹತ್ತಿರವೇ ಇತ್ತು.

"ಮೆಷಿನ್ ಸರಿಯಾಗಿದೆ ಸ್ವಾಮಿ. ತಪ್ಪಿದ್ದು ನನ್ನ ತೋಳು. ಇದು ರೋಗ, ಅದಕ್ಕೆ ಮಾತ್ರೆ ಬಿದ್ದಿತ್ತು," ಎಂದ.

"ರೋಗವಾ ಅದು? ನಾನು ವಿದ್ಯೆ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದ ತಮ್ಮ. ಷಾಪಿನವರು ಆ ಥರ್ಮಾಮೀಟರನ್ನು ಡ್ರಾಯರಿನಿಂದ ತೆಗೆದು ಅವನ ಕೈಗಿಟ್ಟರು. ಎಸೆದಿರಲಿಲ್ಲ. ಇವನು ಆಸ್ಪತ್ರೆಯವರು ಬರೆದುಕೊಟ್ಟ ಮಾತ್ರೆಯ ಚೀಟಿ ತೋರಿಸಿ ಒಂದು ಪಟ್ಟಿ ತೆಗೆದುಕೊಂಡು, ಅಲ್ಲೇ ನೀರು ಕೇಳಿ ಒಂದನ್ನು ನುಂಗಿದ. ಬೆಚ್ಚಗಿನ ನೀರು.

ಬೀದಿಗೆ ಬಂದ ಮೇಲೆ ನನ್ನ ಜೊತೆ ಮೊದಲ ಸಲ ಮಾತಾಡಿದ. "ಅಕ್ಕ, ನೀನು ಮಾಡಿದ್ದು ತಪ್ಪು."

"ತಪ್ಪೇ ಕಣೋ."

"ಹೇಳಿ ಕೊಟ್ಟಿದ್ರೆ ನಾನು ತಿಂತಿರ್ಲಿಲ್ಲ, ಅದೂ ನಿಜ. ಹಾಗಂತ ನಿಂದು ಸರಿ ಆಗಲ್ಲ."

"ಆಗಲ್ಲ."

"ಇನ್ನೂ ಮೂರು ಮನೆ ಇವೆ. ಗುಂಡಿ ಕೊನೆಗೆ ತಿರುಗಿಸಿ ಬಂದಿದೀನಿ. ಈಗಲೇ ಹೋಗ್ಬೇಕು. ನೀನೂ ಬಾ. ಗುಂಡಿ ನಾನು ಇಳಿಸ್ತೀನಿ, ಯಾಕೆ ಅಂತ ಹೇಳೋಳು ನೀನು."

ಮನೆಗೆ ಹೋಗಿ ಮಲಗೋ ಎಂದೆ. ಅವನು ಆಗಲೇ ರಸ್ತೆ ದಾಟಿದ್ದ.

ಮೊದಲ ಮನೆ ಮೂರನೆಯ ಮಹಡಿ. ಬಾಗಿಲು ತೆಗೆದ ಹೆಂಗಸು ನಮ್ಮಿಬ್ಬರನ್ನೂ ನೋಡಿ ಗಾಬರಿಯಾದಳು. ನಾನು ಏದುಸಿರಿನಲ್ಲೇ ಹೇಳಿದೆ, ಚಹಾದ ಲೋಟದಿಂದ ಶುರುಮಾಡಿ. ಆಕೆ ಬಾಯಿ ಮೇಲೆ ಕೈಯಿಟ್ಟು ಕೇಳಿ, "ಅಯ್ಯೋ ಅದಕ್ಕಾ! ಹಾಲು ದಿನಾ ಕಲ್ಲಾಗ್ತಿತ್ತು. ಮೇಸ್ತ್ರಿ ತೋಳು ತಪ್ಪಲ್ಲ ಅಂತ ನಾನೇ ಸುಮ್ಮನೆ ಒಡೆದು ಕಾಯಿಸ್ತಿದ್ದೆ," ಎಂದಳು.

ತಮ್ಮ ಗುಂಡಿ ಇಳಿಸಿದ, ಥರ್ಮಾಮೀಟರ್ ಒಳಗಿಟ್ಟು ಬಾಗಿಲು ಮುಚ್ಚಿದ. ಅದಕ್ಕೆ ಹದಿನೈದು ನಿಮಿಷ ಕಾಯಬೇಕು. ಎಡ ತೋಳಿನ ಅಂಗಿಯನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿಕೊಂಡು, ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಓಡಾಡತೊಡಗಿದ. ಆ ಹೆಂಗಸು ನನಗೊಂದು ಸ್ಟೂಲು ಕೊಟ್ಟಳು. ನಾನು ಕೂತು, ಇನ್ನೆರಡು ಮನೆಯಲ್ಲಿ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಮೊದಲಿನಿಂದ ಜೋಡಿಸಿಕೊಂಡೆ.