ಬೇಸ್‌ಮೆಂಟಿನಲ್ಲಿ ಕಟ್ಟಿದ ಎಂಟು ಕುದುರೆ

ಆ ಅಕ್ಟೋಬರಿನಲ್ಲಿ ನಮ್ಮ ಮನೆಯಲ್ಲಿ ಎಚ್‌ಪಿಯದೇ, ಅಂದರೆ ಅಶ್ವಶಕ್ತಿಯದೇ ಮಾತು. ಹಿಂದಿನ ಚಳಿಗಾಲ ಅಮೆರಿಕದ ರಾಕ್‌ವಿಲ್‌ನಲ್ಲಿ ಮನೆ ಮುಂದಿನ ಇಳಿಜಾರು ಡ್ರೈವ್‌ವೇ ಮೇಲಿನ ಹಿಮವನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ನಮ್ಮ ಮನೆಯವರ ಸೊಂಟ ಹಿಡಿದುಕೊಂಡಿತ್ತು. ಈ ಸಲ ಹಿಮ ನುಂಗಿ ಪಕ್ಕಕ್ಕೆ ಉಗುಳುವ ಸ್ನೋ ಬ್ಲೋವರ್ ತರುವುದೇ ಸೈ ಎಂದು ಹಟ ಹಿಡಿದರು. ಅಂಗಡಿಗೆ ಹೋಗಿ ತಂದರೆ ಮುಗಿಯಿತಲ್ಲ? ಎಲ್ಲಿಯ ಮಾತು! ಹುಬ್ಬಳ್ಳಿಯ ಕಡೆ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಕೆಲಸ ಕಲಿತ ಎಂಜಿನಿಯರು. ಶಕ್ತಿ ಎಷ್ಟೆಂದು ವಿಚಾರಿಸದೆ ಮಿಕ್ಸಿಯನ್ನೂ ಕೊಂಡವರಲ್ಲ.

ಸಂಜೆ ಊಟದ ಮೇಜಿನ ತುಂಬ ಬಣ್ಣಬಣ್ಣದ ಬ್ರೋಶರ್‌ಗಳು. ಕಿಟಕಿಯಾಚೆ ಮೇಪಲ್ ಎಲೆ ಸದ್ದಿಲ್ಲದೆ ಉದುರುತ್ತಿತ್ತು. ಸಾರು ಆರುತ್ತಿತ್ತು.

“ಐದರದ್ದು ಹಸಿ ಹಿಮಕ್ಕ ಸಾಲಂಗಿಲ್ಲ. ಹತ್ತರದ್ದು ಐತಿ, ಆದ್ರ ಅದರ ಬಾಯಿ ನೋಡು, ಎಷ್ಟು ಅಗಲ! ಅಷ್ಟು ದೊಡ್ಡ ಬಾಯಿಗೆ ಹಂಚಿದ್ರ ಇಂಚಿಗೆ ಎಷ್ಟು ಶಕ್ತಿ ಉಳೀತು? ಎಂಟರದ್ದಕ್ಕ ಬಾಯಿ ಸಣ್ಣದು, ಕಸುವು ಜಾಸ್ತಿ. ಅದನ್ನ ತಗೊಳ್ಳೂಣು.”

“ಅಂಥಾವ್ರು ನಮ್ಮನ್ಯಾಗೂ ಒಬ್ರು ಇದ್ದಿದ್ರ ಛಲೋ ಇತ್ತು ನೋಡ್ರಿ,” ಎಂದೆ. ಅವರು ಬ್ರೋಶರ್‌ನಿಂದ ತಲೆ ಎತ್ತಲಿಲ್ಲ.

ಆಯುಧ ಪೂಜೆಯ ಹಿಂದಿನ ದಿನ ಎಂಟು ಎಚ್‌ಪಿಯ ಕೆಂಪು ಯಂತ್ರ ಬಂತು. ನಮ್ಮ ದೇವರ ಮಂಟಪ ಇದ್ದದ್ದು ಮನೆಯ ಕೆಳಗಿನ ಬೇಸ್‌ಮೆಂಟಿನಲ್ಲಿ; ಇಳಿಜಾರಿನ ಮನೆಯಾದ್ದರಿಂದ ಅದರ ಹಿಂಬದಿ ಹಿತ್ತಲಿಗೆ ಸಮನಾಗಿತ್ತು. ಅಂಗಡಿಯವರು ಹಿತ್ತಲಿನ ಹುಲ್ಲಿನ ಮೇಲೆ ಅದನ್ನು ಉರುಳಿಸಿಕೊಂಡು ಬಂದು, ಹಿಂಬದಿಯ ಗಾಜಿನ ಬಾಗಿಲಿಂದ ಒಳಗೆ ತಂದು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು. ಕುಂಕುಮ ಹಚ್ಚಿದೆವು, ಚೆಂಡುಹೂವು ಏರಿಸಿದೆವು, ಗಾಲಿಗೆ ನಿಂಬೆಹಣ್ಣು ಇಟ್ಟೆವು. ಪೂಜೆ ಮುಗಿದ ಮೇಲೆ ಗರಾಜಿಗೆ ಒಯ್ಯಿರಿ ಎಂದರೆ, “ಅಲ್ಲಿ ಥಂಡಿ. ಥಂಡಿಗೆ ಎಂಜಿನ್ ಚಾಲೂ ಆಗಂಗಿಲ್ಲ. ದೇವರ ಮುಂದ ಬೆಚ್ಚಗ ಇರ್ಲಿ ಬಿಡು,” ಎಂದರು. ಭಕ್ತಿ, ಎಂಜಿನಿಯರಿಂಗ್ ಎರಡೂ ಒಂದಾದ ಮೇಲೆ ನನ್ನ ಮಾತು ಯಾರು ಕೇಳಬೇಕು?

ನನ್ನ ಚಿಂತೆ ಬೇರೆಯದಿತ್ತು. ಡಾಕ್ಟರಾಗಿ ಬಂದವಳು ನಾನು, ಈ ದೇಶದಲ್ಲಿ ಐದು ವರ್ಷದಿಂದ ಒಗ್ಗರಣೆ ಹಾಕುತ್ತಿದ್ದೆ. ಮೊದಲು ಇವರ ಗ್ರೀನ್ ಕಾರ್ಡ್ ಆಗಲಿ, ಮೊದಲು ಮನೆಯೊಂದು ಆಗಲಿ ಎಂದು ನನ್ನದು ಹಿಂದಕ್ಕೆ ಸರಿಯುತ್ತಲೇ ಹೋಗಿತ್ತು. ಹೇಗೋ ಪರೀಕ್ಷೆಗಳನ್ನು ಪಾಸು ಮಾಡಿದೆ. ಇಲ್ಲಿ ವೈದ್ಯೆಯಾಗಬೇಕಾದರೆ ಆಸ್ಪತ್ರೆಯಲ್ಲಿ ಮತ್ತೆ ತರಬೇತಿ ಪಡೆಯಬೇಕು. ಅದಕ್ಕೆ ಸಂದರ್ಶನಕ್ಕೆ ಕರೆದದ್ದು ಒಂದೇ ಆಸ್ಪತ್ರೆ, ಅದೂ ಜನವರಿಯಲ್ಲಿ. ಅದು ತಪ್ಪಿದರೆ ಮುಂದಿನ ವರ್ಷ ಇಷ್ಟು ದಿನ ಖಾಲಿ ಕೂತವಳನ್ನು ಯಾರೂ ಕರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ದಿನ ಹಿಮ ಬಿದ್ದರೆ ಹೇಗೆಂದು ಇವರನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ.

“ಹಿಮ ಬಿದ್ರೂ ಅಂಜಬ್ಯಾಡ, ಎಂಟು ಕುದುರಿ ಅದಾವ ಮನ್ಯಾಗ,” ಎನ್ನುತ್ತಿದ್ದರು.

ಸಂದರ್ಶನದ ದಿನ ಬೆಳಗ್ಗೆ ಎದ್ದಾಗ ಲೋಕಕ್ಕೆ ಶಬ್ದವೇ ಇರಲಿಲ್ಲ. ಗೋಡೆಗಳ ಮೇಲೆಲ್ಲ ಹಾಲಿನಂಥ ಬೆಳಕು ತೇಲುತ್ತಿತ್ತು. ಅಂಚೆ ಡಬ್ಬಿ, ಬೇಲಿ, ಕಾರು ಎಲ್ಲ ಕರಗಿ ಒಂದೇ ಬಿಳುಪಾಗಿದ್ದವು. ಇನ್ನೂ ನಿದ್ದೆಯಲ್ಲೇ ಇದ್ದೇನೆಂದುಕೊಂಡು ಎಷ್ಟೋ ಹೊತ್ತು ಕಿಟಕಿಯ ಬಳಿ ನಿಂತಿದ್ದೆ. ಎಷ್ಟು ಚೆಂದವಿತ್ತು! ಆಮೇಲೆ ಕೆಳಗಿನಿಂದ ಇವರ “ಯಪ್ಪಾ!” ಕೇಳಿಸಿತು.

ಓಡಿದೆ. ಗಾಜಿನ ಬಾಗಿಲು ಸರಿಸಿದ್ದರು. ಹೊರಗೆ ಗಾಳಿ ತಂದು ಗುಡ್ಡೆ ಹಾಕಿದ ಎದೆಮಟ್ಟದ ಹಿಮದ ಗೋಡೆ. ಯಂತ್ರದ ಬಾಯಿ ಅದರ ಅರ್ಧಕ್ಕೂ ಬರುತ್ತಿರಲಿಲ್ಲ. ಹಿತ್ತಲಿನಿಂದ ಮುಂದಕ್ಕೆ ಹೋಗಲು ಏರು ಬೇರೆ. ಒಳಮೆಟ್ಟಿಲಲ್ಲಿ ಎತ್ತಿ ಒಯ್ಯೋಣವೆಂದರೆ ನಾಲ್ಕಾಳಿನ ಭಾರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು.

ಆಸ್ಪತ್ರೆಗೆ ಫೋನ್ ಮಾಡಿದೆ. ಸಂದರ್ಶನ ಮಾಡುವ ಡಾಕ್ಟರು ರಾತ್ರಿಯಿಂದ ಇಲ್ಲೇ ಇದ್ದಾರೆ, ಬರಲಿಕ್ಕಾದರೆ ಬನ್ನಿ, ಬೇರೆ ದಿನ ಕೊಡುವುದು ಕಷ್ಟ ಎಂದಳು ಫೋನ್ ಎತ್ತಿದ ಹೆಂಗಸು.

“ಸ್ವಲ್ಪ ತಡಿ, ಏನರ ಮಾಡ್ತೀನಿ,” ಎಂದು ಇವರು ಸಲಿಕೆ ಹುಡುಕತೊಡಗಿದರು. ತಡಿ! ಆ ಒಂದು ಮಾತಿಗೆ ನನ್ನ ಮೈಯೆಲ್ಲ ಉರಿಯಿತು. “ಇನ್ನ ತಡ್ಯಂಗಿಲ್ರಿ,” ಎಂದೆ. ಸೂಟಿನ ಮೇಲೆ ಅವರದೇ ದಪ್ಪ ಕೋಟು ಹಾಕಿ, ಬೂಟು ಏರಿಸಿ, ಮುಂಬಾಗಿಲು ತೆರೆದು ತೊಡೆಯವರೆಗಿನ ಹಿಮಕ್ಕೆ ಇಳಿದೇಬಿಟ್ಟೆ.

ದೊಡ್ಡ ರಸ್ತೆಯಲ್ಲಿ ಕೌಂಟಿ ಆಡಳಿತದ ಲಾರಿ ಹಿಮ ತಳ್ಳಿ ಹೋಗಿತ್ತು. ಅದರ ನಡುವೆ ನಡೆದೆ. ಸಿಗ್ನಲ್ ದೀಪಗಳು ಯಾರಿಗೂ ಅಲ್ಲದೆ ಕೆಂಪಾಗಿ ಹಸಿರಾಗುತ್ತಿದ್ದವು. ಹಿಂದೆ ಏದುಸಿರು ಕೇಳಿ ತಿರುಗಿದರೆ, ಕೋಟಿಲ್ಲದೆ ಬರೀ ಸ್ವೆಟರಿನಲ್ಲಿ ಇವರು. ಇಬ್ಬರೂ ಜೊತೆಗೇ ಹೆಜ್ಜೆ ಹಾಕಿದೆವು. ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ನಡೆದೆವೋ, ಈಗ ನೆನಪಿಲ್ಲ.

ಗಡ್ಡ ಬಿಟ್ಟ ಮುದಿ ಡಾಕ್ಟರು ನನ್ನ ಒದ್ದೆ ಕಾಲನ್ನು ನೋಡಿ ಟವೆಲ್ ತರಿಸಿಕೊಟ್ಟರು. ನಾನು ಹೆದರಿದ್ದ ಪ್ರಶ್ನೆಯನ್ನೇ ಮೊದಲು ಕೇಳಿದರು: ಈ ಐದು ವರ್ಷ ಏನು ಮಾಡುತ್ತಿದ್ದಿರಿ?

ಬಾಯಿಪಾಠ ಮಾಡಿದ್ದ ಉತ್ತರವಿತ್ತು. ಅದು ಬರಲಿಲ್ಲ.

“ದಾರಿ ಆಗಲಿ ಅಂತ ಕಾಯುತ್ತಿದ್ದೆ,” ಎಂದೆ. “ಇವತ್ತು ಕಾಯಲಿಲ್ಲ.”

ಅವರು ಪೆನ್ನು ಕೆಳಗಿಟ್ಟರು. ಜುಲೈನಲ್ಲಿ ನಾನು ಅಲ್ಲೇ ಕೆಲಸಕ್ಕೆ ಸೇರಿದೆ.